ಗರಿಕೆಯ ಮೂಲೆ

ಕಂಟ್ರಾಕ್ಟರ್ ಮುರುಗೇಂದ್ರಪ್ಪನವರಿಗೆ ಮನೆಯಲ್ಲೇ ಟೆನಿಸ್ ಆಡುವ ಹುಚ್ಚು ಹತ್ತಿತು. ಹಿತ್ತಲಿಗೆಲ್ಲ ಪ್ಲಾಸ್ಟಿಕ್ ಹುಲ್ಲು ಹಾಸಿಸಿದರು. ನಲ್ಲಿಯ ಪಕ್ಕದ ಒಂದು ಮೂಲೆ ಮಾತ್ರ ಉಳಿಯಿತು. ಅವರ ತಾಯಿ ದಿನಾ ಗಣಪತಿಗೆ ಏರಿಸುವ ಗರಿಕೆ ಅಲ್ಲಿತ್ತು.

“ಅದನ್ನೂ ಕಿತ್ತಾಕು,” ಎಂದು ತೋಟದ ಕೆಲಸದವಳಿಗೆ ಗದರಿದರು. “ನಾಳೆ ಪೂಜೆಗೆ ದೊಡ್ಡ ಮಂದಿ ಬರ್ತಾರೆ. ಅಲ್ಲಿ ಒಂದು ಎಸಳು ಕಂಡ್ರೂ ನಿನ್ನ ಕೆಲಸ ಹೋತು.”

“ಗಣಪ್ಪಗೆ ಏನು ಏರಿಸಾದು ಯಜಮಾನ್ರೇ?”

“ಯಾವುದಾದ್ರೇನು? ಹುಲ್ಲು ಹುಲ್ಲೇ!”

ಅವಳು ಗರಿಕೆಯನ್ನು ಬೇರು ಸಮೇತ ಕಿತ್ತು, ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟಳು.

ಮರುದಿನ ಅಂಗಳದ ತುಂಬ ಜನ. ಪುರೋಹಿತರು ಗರಿಕೆ ಕೇಳಿದರು. ಅವಳು ಹಸಿರು ಕಟ್ಟೊಂದನ್ನು ತಂದು ಯಜಮಾನರ ಅವ್ವನ ಕೈಗಿಟ್ಟಳು. ಅವ್ವ ಬಗ್ಗಿಸಿದರು. ಅದು ಟಣ್ಣನೆ ಮತ್ತೆ ನೆಟ್ಟಗಾಯಿತು. ಮಂತ್ರ ನಿಂತಿತು.

“ಏನೇ ಇದು?”

“ಯಜಮಾನ್ರು ಹಾಸಿಸಿದ್ರಲ್ಲವ್ವಾ, ಅದರದೇ ತುಂಡು. ಹುಲ್ಲು ಹುಲ್ಲೇ ಅಂದ್ರು.”

ಮುರುಗೇಂದ್ರಪ್ಪನವರ ಮುಖ ಬಿಳಿಚಿತು. ಅವ್ವ ಮಗನನ್ನೇ ದಿಟ್ಟಿಸಿದರು.

“ಷೋಕೇಸಿನಾಗೆ ಪ್ಲಾಸ್ಟಿಕ್ ಬಾಳೆಹಣ್ಣು ಐತಲ್ಲಪ್ಪಾ, ಇವತ್ತು ನಿನ್ನ ಎಲೆಗೆ ಅದನ್ನೇ ಹಾಕ್ಲಾ? ಹಣ್ಣು ಹಣ್ಣೇ.”

“ಬ್ಯಾಡವ್ವಾ,” ಎಂದರು ಮಗ, ತಲೆ ತಗ್ಗಿಸಿ.

ತೋಟದವಳು ಆಗಲೇ ಗರಿಕೆಯ ಗೋಣಿಚೀಲ ಬಿಚ್ಚುತ್ತಿದ್ದಳು.

ಪೂಜೆ ಮುಗಿದ ಮೇಲೆ ಬೇರುಗಳನ್ನು ಮತ್ತೆ ನಲ್ಲಿಯ ಪಕ್ಕದಲ್ಲೇ ನೆಟ್ಟಳು. ಈಗಲೂ ಚೆಂಡು ಆ ಮೂಲೆಗೆ ಬಿದ್ದರೆ ಯಜಮಾನರು ಬೂಟು ಬಿಚ್ಚಿ, ಬರಿಗಾಲಲ್ಲಿ ಹೋಗಿ ತರುತ್ತಾರೆ. ಅದಕ್ಕೂ ಮೊದಲು ತೋಟದವಳನ್ನು ಒಂದು ಮಾತು ಕೇಳುತ್ತಾರೆ.