ಕಿರುಚುವ ಕಂಪ್ಯೂಟರ್

ಹಾಲಿನ ಡೈರಿಯ ಕಂಪ್ಯೂಟರಿನಿಂದ ಯಾರೋ ವಿಂಡೋಸನ್ನೇ ಅಳಿಸಿಬಿಟ್ಟಿದ್ದರು. ಕಪ್ಪು ಪರದೆ ನೋಡಿ ಎಲ್ಲರೂ ದಂಗಾದರು.

"ನಿನ್ನದೇ ಕೆಲಸ! ಇದನ್ನು ಸರಿಮಾಡಿಟ್ಟು ಮನೆಗೆ ನಡಿ!" ಅಧ್ಯಕ್ಷ ಪುಟ್ಟಮಾದೇಗೌಡರು ಆಪರೇಟರ್ ಜಯಶೀಲಳ ಮೇಲೆ ಗುಡುಗಿದರು.

ಅವಳು ಕೂತು ವಿಂಡೋಸ್ ಮತ್ತೆ ಹಾಕಿದಳು. ಪರದೆ ಬೆಳಗಿದ ಮೇಲೆ ಎಲ್ಲರನ್ನೂ ಕರೆದಳು.

"ಅಳಿಸಿದವರು ಕೀಬೋರ್ಡ್ ಮುಟ್ಟಿದರೆ ಕಂಪ್ಯೂಟರ್ ಕಿರುಚುತ್ತೆ. ಒಬ್ಬೊಬ್ಬರೇ ಮುಟ್ಟಿ."

ಗುಮಾಸ್ತ ಮುಟ್ಟಿದ. ಹಾಲು ಅಳೆಯುವ ಶಿವಮಲ್ಲು ಮುಟ್ಟಿದ. ಸದ್ದಿಲ್ಲ. ಗೌಡರು ಮಾತ್ರ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಮುಟ್ಟಿ, ಗೌಡ್ರೇ."

"ಇಸ್ಪೀಟಾಟ ಹಾಕ್ಕೊಳ್ಳೋಕೆ ಹೋಗಿ ಅದೇನು ಒತ್ತಿದೆನೋ ಕಣವ್ವಾ... ಅದು ಕಿರುಚೋದು ಬೇಡ!"

ಇಡೀ ಡೈರಿ ಬಾಯಿ ಬಿಟ್ಟುಕೊಂಡು ನಿಂತಿತು.

"ಹೆದರಬೇಡಿ, ಗೌಡ್ರೇ," ಎಂದಳು ಜಯಶೀಲ. "ಸದ್ದು ಬರಿಸೋ ಡ್ರೈವರ್ ಸಾಫ್ಟ್‌ವೇರನ್ನ ನಾನಿನ್ನೂ ಹಾಕೇ ಇಲ್ಲ."