ಸಾವಿರದ ಒಂಬತ್ತನೆಯ ಸಸಿ

ನಮ್ಮೂರಿಗೆ ಬಸ್ಸಿನ್ನೂ ಬಾರದ ಕಾಲ. ಅಮಲ್ದಾರರು ತಮ್ಮ ಬಂಗಲೆಯ ಮಾಲಿಯನ್ನು ಕರೆದು, "ಶುಭಕ್ಕೆ ಸಾವಿರದೆಂಟು ಹೊಂಗೆ ಸಸಿ, ನನ್ನ ಹೆಸರಿಗೆ ಇನ್ನೊಂದು. ಅಷ್ಟನ್ನೂ ಸಮಸಮ ಸಾಲಿನಲ್ಲಿ ನೆಡು. ಒಂದು ಉಳಿದರೂ ನಿನ್ನ ಕೆಲಸ ಹೋಯಿತು!" ಎಂದರು.

ಮಾಲಿ ಲೆಕ್ಕಕ್ಕೆಂದು ಅಷ್ಟೇ ಹುಣಸೆಬೀಜ ಹರವಿಕೊಂಡು ಕೂತ. ಎರಡೆರಡಾಗಿ ಇಟ್ಟ, ಒಂದು ಉಳಿಯಿತು. ಮೂರು, ಏಳು, ಒಂಬತ್ತರಲ್ಲೂ ಒಂದು ಉಳಿಯಿತು. ಐದರಲ್ಲಿ ನಾಲ್ಕು ಉಳಿದವು. ಮೂರು ದಿನ ಜೋಡಿಸಿದರೂ ಸಮವಾಗಲಿಲ್ಲ. ನಾಲ್ಕನೆಯ ದಿನ ನಗುತ್ತಾ ಗುದ್ದಲಿ ಹೊತ್ತು ಹೊರಟ.

ತಿಂಗಳ ಮೇಲೆ ಅಮಲ್ದಾರರು ಊರೂರು ಸುತ್ತಿ ಬಂದು ನೋಡಿದರೆ, ಬಂಗಲೆ ಬಾಗಿಲಿಂದ ಹೊರಟ ಸಸಿಗಳು ರಸ್ತೆಯುದ್ದಕ್ಕೂ ಎರಡು ಮೈಲಿ ದೂರದ ಸಂತೆಮಾಳ ಮುಟ್ಟಿವೆ!

"ಸಾಲುಗಳೆಲ್ಲೋ?"

"ಒಂದೇ ಸಾಲು, ಬುದ್ಧಿ. ಒಂದೂ ಉಳಿದಿಲ್ಲ. ಸಾವಿರದೆಂಟಾಗಿದ್ದರೆ ಹತ್ತಾರು ಬಗೆಯಲ್ಲಿ ಹಂಚುತ್ತಿದ್ದೆ. ತಮ್ಮದೊಂದು ಸೇರಿತು ನೋಡಿ, ಆಮೇಲೆ ಯಾವ ಲೆಕ್ಕಕ್ಕೂ ಬಗ್ಗಲಿಲ್ಲ."

ಅಮಲ್ದಾರರು ಎಣಿಸುತ್ತಾ ಅರ್ಧ ಮೈಲಿ ನಡೆದರು. ಸುಸ್ತಾಗಿ ಗಾಡಿ ಹತ್ತಿದರು.

ಆ ನೆರಳಲ್ಲೇ ನಾವೆಲ್ಲ ಸಂತೆಗೆ ನಡೆದವರು. ಹೊಂಗೆ ಹೂವು ತಲೆ ಮೇಲೆ ಉದುರುತ್ತಿತ್ತು. ಅಮಲ್ದಾರರ ಮರ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಇಡೀ ಸಾಲನ್ನು ಮಾತ್ರ ಊರವರು ಮಾಲಿಯ ಸಾಲು ಅನ್ನುತ್ತಿದ್ದರು.