ಎಸ್ತೇರಮ್ಮ ಹೇಳಿದ ಸಾಕ್ಷಿ

ಗಿದ್ಯೋನಪ್ಪ ಗಾರೆ ಕೆಲಸದವನು. ಅವನ ಹೆಂಡತಿ ಎಸ್ತೇರಮ್ಮ. ಇಬ್ಬರಿಗೂ ಒಬ್ಬಳೇ ಮಗಳು, ಲಿಡಿಯಾ.

ಗಂಡ ಹೆಂಡತಿ ಇಬ್ಬರೂ ಭಾನುವಾರ ತಪ್ಪದೆ ದೇವಾಲಯಕ್ಕೆ ಹೋಗುತ್ತಿದ್ದರು. ಎಸ್ತೇರಮ್ಮ ಹೆಂಗಸರ ಕಡೆ ಮುಂದಿನ ಸಾಲು. ಗಿದ್ಯೋನಪ್ಪ ಗಂಡಸರ ಕಡೆ ಬಾಗಿಲ ಹತ್ತಿರದ ಕೊನೇ ಸಾಲು. ಪಾದ್ರಿಗಳ ಪ್ರಸಂಗ ಉದ್ದವಾದರೆ ಅವನು ಗೋಡೆ ನೋಡುತ್ತಾ ಕೂರುತ್ತಿದ್ದ. ಆ ಗೋಡೆಗೆ ಗಾರೆ ಬಳಿದವನು ಅವನೇ. ‘ಅಲ್ಲೊಂದು ಬಿರುಕು ಬಿಟ್ಟಿದೆ, ಮಳೆಗೆ ಮುಂಚೆ ಮುಚ್ಚಬೇಕು’ ಅಂದುಕೊಳ್ಳುತ್ತಿದ್ದ. ಅವನ ಭಕ್ತಿ ಅಷ್ಟೇ.

“ನನ್ನ ಪಾಲಿನ ಪ್ರಾರ್ಥನೇನೂ ನೀನೇ ಮಾಡಿಬಿಡು” ಅನ್ನುತ್ತಿದ್ದ ಹೆಂಡತಿಗೆ.

“ಹಂಗಾದ್ರೆ ನಿಮ್ಮ ಪಾಲಿನ ಊಟಾನೂ ನಾನೇ ಮಾಡಿಬಿಡ್ಲಾ?” ಅನ್ನುತ್ತಿದ್ದಳು ಅವಳು.

ಹೀಗೇ ನಗುನಗುತ್ತಾ ಸಂಸಾರ ನಡೆದಿತ್ತು.

ಲಿಡಿಯಾ ಹತ್ತನೇ ಕ್ಲಾಸು ಮುಗಿಸಿದ ವರ್ಷ ಅವಳಿಗೆ ಬೆನ್ನು ನೋವು ಶುರುವಾಯಿತು. ಎಣ್ಣೆ ತಿಕ್ಕಿದರು. ಶಾಖ ಕೊಟ್ಟರು. ನೋವು ಹೋಗಲಿಲ್ಲ. ಸಂಜೆಯಾದರೆ ಜ್ವರ ಬರತೊಡಗಿತು. ಹುಡುಗಿ ಒಣಗಿ ಕಡ್ಡಿಯಾದಳು. ಒಂದು ದಿನ ನೀರಿನ ಬಿಂದಿಗೆ ಎತ್ತಲು ಹೋಗಿ ಅಲ್ಲೇ ಕುಸಿದು ಕೂತಳು. ಕಾಲು ಜೋಮು ಹಿಡಿದಿತ್ತು.

ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರಮ್ಮ ಎಕ್ಸರೇ ತೆಗೆಸಿ ನೋಡಿದರು.

“ಬೆನ್ನು ಮೂಳೆಗೆ ಟಿ.ಬಿ. ಹಿಡಿದಿದೆ” ಅಂದರು. “ಹೆದರಬೇಡಿ, ಮದ್ದಿದೆ. ಆದರೆ ಮಾತ್ರೆ ಒಂದು ದಿನಾನೂ ತಪ್ಪಬಾರದು. ನಾನು ಹೇಳೋವರೆಗೂ ಹಾಸಿಗೆಯಿಂದ ಏಳಬಾರದು. ಅವಸರ ಮಾಡಿ ಅವಳನ್ನು ಎಬ್ಬಿಸಿ ನಿಲ್ಲಿಸಿದರೆ ಮೂಳೆ ಕುಸಿಯುತ್ತೆ. ಮೂಳೆ ಕುಸಿದರೆ ಕಾಲು ಹೋಗುತ್ತೆ. ಆಮೇಲೆ ನನ್ನ ಕೈಲಿ ಏನೂ ಇರಲ್ಲ.”

ಗಿದ್ಯೋನಪ್ಪ ಹಲಗೆ ಹೊಂದಿಸಿ ಗಟ್ಟಿ ಮಂಚ ಮಾಡಿದ. ಲಿಡಿಯಾ ಅದರ ಮೇಲೆ ಅಂಗಾತ ಮಲಗಿದಳು. ಎಸ್ತೇರಮ್ಮ ಮಲಗಿದಲ್ಲೇ ಅವಳ ಮೈ ಒರೆಸಿದಳು, ತಲೆ ಬಾಚಿದಳು, ಮಗ್ಗಲು ತಿರುಗಿಸಿದಳು. ಬೆಳಿಗ್ಗೆ ಮಾತ್ರೆ ಕೊಡುವಾಗ ಅದನ್ನು ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚುತ್ತಿದ್ದಳು.

“ಕರ್ತನೇ, ಇದು ಮಗಳ ಹೊಟ್ಟೆಯೊಳಗೆ ಹೋಗ್ತಾ ಇದೆ. ನೀನೂ ಇದರ ಜೊತೆಗೆ ಹೋಗಪ್ಪಾ.”

“ಅಮ್ಮಾ, ಇದು ಬೇವಿಗಿಂತ ಕಹಿ. ದೇವರು ಪಾಪ, ಅರ್ಧ ದಾರೀಲಿ ವಾಪಸ್ ಬಂದುಬಿಡ್ತಾನೆ” ಅನ್ನುತ್ತಿದ್ದಳು ಲಿಡಿಯಾ.

“ಬಾಯಿ ಮುಚ್ಕೊಂಡು ನುಂಗು.”

ತಿಂಗಳು ಕಳೆಯಿತು. ಇನ್ನೊಂದು ಕಳೆಯಿತು. ಗಿದ್ಯೋನಪ್ಪ ಕೆಲಸದಿಂದ ಬಂದವನೇ ಮಗಳ ಕಾಲು ನೋಡುತ್ತಿದ್ದ. “ಬೆರಳು ಆಡಿಸು” ಅನ್ನುತ್ತಿದ್ದ. ಅವಳು ಆಡಿಸುತ್ತಿದ್ದಳು. ನಿನ್ನೆ ಆಡಿಸಿದಷ್ಟೇ. ಅವನಿಗೆ ಊಟ ಸೇರುತ್ತಿರಲಿಲ್ಲ. ಈಗ ಅವನೂ ಪ್ರಾರ್ಥನೆ ಮಾಡಲು ಕಲಿತ. ಕಟ್ಟುವ ಗೋಡೆಯ ಸಾರ್ವೆ ಮೇಲೆ ನಿಂತು, ಕೈಯಲ್ಲಿ ಕರಣೆ ಹಿಡಿದು, ಯಾರಿಗೂ ಕೇಳದ ಹಾಗೆ ಕೇಳಿಕೊಂಡ. ಬೇಗ ಮಾಡು ಅಂತ ಕೇಳಿದ. ಬೇಡಿ ಅಭ್ಯಾಸ ಇಲ್ಲದವನಿಗೆ ಕಾದು ಅಭ್ಯಾಸವೂ ಇರಲಿಲ್ಲ.

ಆ ದೇವಾಲಯದ ಸಭೆಯಲ್ಲಿ ಒಂದು ರೂಢಿ ಇತ್ತು. ಪ್ರತಿ ಬೇಸಿಗೆಯಲ್ಲೂ ಚಪ್ಪರ ಹಾಕಿ, ಜನರ ಭಕ್ತಿ ಚಿಗುರಲಿ ಅಂತ ಉಜ್ಜೀವನ ಕೂಟ ನಡೆಸುತ್ತಿದ್ದರು. ಹೊರಗಿನಿಂದ ಪ್ರಸಂಗಿಗಳು ಬರುತ್ತಿದ್ದರು. ಕೊನೇ ದಿನ ಸಾಕ್ಷಿ. ದೇವರು ಮಾಡಿದ ಉಪಕಾರವನ್ನು ಎದ್ದು ನಿಂತು ನಾಲ್ಕು ಜನರ ಮುಂದೆ ಹೇಳುವುದೇ ಸಾಕ್ಷಿ. ಒಳ್ಳೆಯ ರೂಢಿ. ಆದರೆ ಬರಬರುತ್ತಾ ಅದಕ್ಕೊಂದು ಬಾಲ ಬೆಳೆಯಿತು. ‘ವಾಸಿಯಾದ ಮೇಲೆ ಯಾರು ಬೇಕಾದರೂ ಹೇಳುತ್ತಾರೆ. ಆಗುವ ಮೊದಲೇ ಆಯಿತು ಅಂತ ಹೇಳಬೇಕು. ಹೇಳಿದರೆ ಆಗುತ್ತೆ. ನಂಬಿಕೆ ಅಂದರೆ ಅದು’ ಅಂತ ಯಾರೋ ಅಂದರು. ಎಲ್ಲರೂ ಅದನ್ನೇ ಹಿಡಿದುಕೊಂಡರು. ಕೆಮ್ಮುತ್ತಲೇ ಎದ್ದು ಕೆಮ್ಮು ಹೋಯಿತು ಅಂದರು. ಮಂಡಿನೋವು ಹೋಯಿತು ಅಂದವರು ಕುಂಟುತ್ತಲೇ ಮನೆಗೆ ಹೋದರು. ಜನ ದೇವರಿಗೆ “ಸ್ತೋತ್ರ” ಅಂದರು.

ಆ ವರ್ಷದ ಕೂಟಕ್ಕೆ ಮುಂಚೆ ಸಭೆಯ ಹಿರಿಯ ಸೀಲಪ್ಪ ಗಿದ್ಯೋನಪ್ಪನ ಮನೆಗೆ ಬಂದ. ಸಕ್ಕರೆ ಕಾಯಿಲೆ ಬಿಟ್ಟುಹೋಯಿತು ಅಂತ ಹಿಂದಿನ ಬೇಸಿಗೆಯಲ್ಲಿ ಸಾಕ್ಷಿ ಹೇಳಿ, ಮಾತ್ರೆ ಡಬ್ಬಿ ಎಸೆದಿದ್ದವನು ಅವನು. ಒಳ್ಳೆಯ ಮನುಷ್ಯ. ಮನಸ್ಸಿನಲ್ಲಿ ಕಪಟ ಇರಲಿಲ್ಲ.

“ಕೊನೇ ದಿನ ಹುಡುಗೀನ ಮಂಚದ ಸಮೇತ ಚಪ್ಪರಕ್ಕೆ ತಗೊಂಡು ಬಾ, ಗಿದ್ಯೋನಾ” ಅಂದ. “ಎಸ್ತೇರಮ್ಮ ಸಾಕ್ಷಿ ಹೇಳಲಿ. ಪ್ರಸಂಗಿಗಳು ಪ್ರಾರ್ಥನೆ ಮಾಡ್ತಾರೆ. ಹುಡುಗಿ ಎದ್ದು ನಿಲ್ತಾಳೆ. ಇಡೀ ಊರು ನೋಡಲಿ.”

ಲಿಡಿಯಾ ಮಂಚದಿಂದಲೇ ಕೇಳಿದಳು: “ತಾತ, ನಿಂತವಳು ಬಿದ್ದುಬಿಟ್ರೆ?”

“ನಂಬಿಕೆ ಇದ್ರೆ ಬೀಳಲ್ಲಮ್ಮ.”

“ಹಂಗಾದ್ರೆ ಬಿದ್ರೆ ತಪ್ಪು ನಂದೇ. ನೀವು ಎತ್ತೋಕೂ ಬರಲ್ಲ.”

“ಇದರ ಬಾಯಿ ನೋಡು! ಕಾಯಿಲೆ ಬೆನ್ನಿಗೆ ಬಂದಿದೆ, ನಾಲಿಗೆಗೆ ಬಂದಿಲ್ಲ” ಅಂತ ಸೀಲಪ್ಪ ನಕ್ಕ.

ಗಿದ್ಯೋನಪ್ಪ ನಗಲಿಲ್ಲ. ಮಗಳು ಎದ್ದು ನಿಂತ ಹಾಗೆ, ನಡೆದು ಬಂದ ಹಾಗೆ ಕಣ್ಣಿಗೆ ಕಟ್ಟಿತು. “ಆಗಲಿ ಸೀಲಣ್ಣ, ತರ್ತೀನಿ” ಅಂದುಬಿಟ್ಟ. ಮಂಚ ಹೊರಲು ಕೆಲಸದ ಜೊತೆಗಾರರಿಗೂ ಹೇಳಿಬಂದ.

ಸಂಜೆ ಎಸ್ತೇರಮ್ಮ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವನು ವಿಷಯ ಹೇಳಿದ. ಅವಳು ಮೊರ ಕೆಳಗಿಟ್ಟಳು.

“ಬೇಡ” ಅಂದಳು.

ಗಿದ್ಯೋನಪ್ಪನಿಗೆ ಆಶ್ಚರ್ಯ. ಕೋಪವೂ ಬಂತು. “ನೀನಾ ಬೇಡ ಅನ್ನೋದು? ಹುಟ್ಟಿದಾಗಿಂದ ಮುಂದಿನ ಸಾಲಲ್ಲಿ ಕೂತವಳು! ಕೊನೇ ಸಾಲಿನವನು ನಾನೇ ನಂಬಿದ್ದೀನಿ. ನಿಂಗೇನಾಯ್ತು?”

“ನಿಮಗೆ ಬಂದಿರೋದು ನಂಬಿಕೆ ಅಲ್ಲ, ಅವಸರ.”

“ನಾಳೆ ಜನ ಏನಂತಾರೆ ಗೊತ್ತಾ? ತಾಯಿ ಅಪನಂಬಿಕೆಯಿಂದಲೇ ಮಗಳು ಮಂಚ ಹಿಡಿದಳು ಅಂತಾರೆ.”

“ಅನ್ನಲಿ.” ಅವಳು ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದಳು. ಆಮೇಲೆ ಕೇಳಿದಳು: “ರೀ, ನೀವು ಮನೆ ಚಾವಣಿಗೆ ಮೋಲ್ಡ್ ಹಾಕ್ತೀರಲ್ಲ, ಕೆಳಗೆ ಕೊಟ್ಟ ಕಂಬ, ಹಲಗೆ ಮಾರನೇ ದಿನಾನೇ ಬಿಚ್ತೀರಾ?”

“ಯಾರಾದ್ರೂ ಬಿಚ್ತಾರಾ? ಹಸಿ ಇರುತ್ತೆ. ತಲೆ ಮೇಲೆ ಬೀಳುತ್ತೆ.”

“ಮನೆ ಯಜಮಾನ ಬಂದು, ‘ನಿನಗೆ ಸಿಮೆಂಟಿನ ಮೇಲೆ ನಂಬಿಕೆ ಇಲ್ಲ, ಅದಕ್ಕೇ ಕಂಬ ಕೊಟ್ಟಿದ್ದೀಯ, ಈಗಲೇ ಬಿಚ್ಚು’ ಅಂದ್ರೆ?”

“ಬೈದು ಕಳಿಸ್ತೀನಿ. ನಂಬಿಕೆ ಇಲ್ಲದೇ ಇದ್ರೆ ಮೋಲ್ಡೇ ಹಾಕ್ತಿರಲಿಲ್ಲ. ನೀರು ಹಾಕ್ಕೊಂಡು ಕಾಯ್ಬೇಕು. ಅದು ಅದರ ಹೊತ್ತಿಗೆ...”

ಗಿದ್ಯೋನಪ್ಪ ತಿರುಗಿ ಒಳಗಿನ ಮಂಚ ನೋಡಿದ.

ಎಸ್ತೇರಮ್ಮ ಮತ್ತೆ ಮೊರ ಎತ್ತಿಕೊಂಡಳು. “ನಾನೂ ನೀರು ಹಾಕ್ಕೊಂಡು ಕಾಯ್ತಾ ಇದ್ದೀನಿ. ಡಾಕ್ಟರಮ್ಮನ ಮಾತು, ಮಾತ್ರೆ, ಈ ಮಂಚ ಇವೆಲ್ಲ ಕರ್ತನೇ ಕೊಟ್ಟ ಕಂಬ. ನಾನು ಒದೆಯಲ್ಲ.” ಆಮೇಲೆ ಮೆಲ್ಲಗೆ ಅಂದಳು: “ಆದರೆ ನಾನು ಕೂಟಕ್ಕೆ ಹೋಗ್ತೀನಿ. ಸಾಕ್ಷೀನೂ ಹೇಳ್ತೀನಿ.”

ಕೂಟದ ಕೊನೇ ದಿನ ಬೆಳಿಗ್ಗೆ ಜೊತೆಗಾರರು ಹೆಗಲಿಗೆ ಟವಲು ಹಾಕಿಕೊಂಡು ಬಾಗಿಲಿಗೆ ಬಂದರು. ಗಿದ್ಯೋನಪ್ಪ ಮಗಳ ಕಾಲು ನೋಡಿದ. ಹೆಂಡತಿಯ ಮುಖ ನೋಡಿದ.

“ಮಂಚ ಎತ್ತೋದು ಬೇಡ, ಹೋಗ್ರಪ್ಪಾ” ಅಂದ. “ಇನ್ನೂ ಹಸಿ ಇದೆ.”

ಗಾರೆ ಕೆಲಸದವರಿಗೆ ಅಷ್ಟು ಮಾತು ಸಾಕಾಯಿತು. ತಲೆಯಾಡಿಸಿ ಹೋದರು. ಪಕ್ಕದ ಮನೆಯ ಅಜ್ಜಿಯನ್ನು ಲಿಡಿಯಾ ಹತ್ತಿರ ಕೂರಿಸಿ, ಗಂಡ ಹೆಂಡತಿ ಚಪ್ಪರಕ್ಕೆ ನಡೆದರು.

ಚಪ್ಪರ ತುಂಬಿತ್ತು. ಮಂಚಕ್ಕೆ ಅಂತ ಮುಂದೆ ಜಾಗ ಬಿಟ್ಟಿದ್ದರು. ಜಾಗ ಖಾಲಿ ಇರುವುದನ್ನು ನೋಡಿ ಜನ ಗುಸುಗುಸು ಅಂದರು. ಎಸ್ತೇರಮ್ಮ ಎದ್ದು ನಿಂತಳು. ಸೆರಗು ತಲೆಗೆ ಎಳೆದುಕೊಂಡಳು.

“ನನ್ನ ಮಗಳು ಮನೇಲಿ ಮಲಗಿದ್ದಾಳೆ. ವಾಸಿಯಾಗಿಲ್ಲ. ಬೆಳಿಗ್ಗೆ ನೋವಿಗೆ ಅತ್ತಳು. ನಾನೂ ಅತ್ತೆ. ವಾಸಿಯಾಯ್ತು ಅಂತ ಹೇಳು ಅಂದಿದ್ರು. ಇಲ್ಲದ್ದನ್ನ ದೇವರ ಹೆಸರು ಹೇಳಿ ಹೇಳೋಕೆ ನನಗೆ ಬಾಯಿ ಬರಲ್ಲ.”

ಒಬ್ಬರೂ “ಸ್ತೋತ್ರ” ಅನ್ನಲಿಲ್ಲ. ಯಾರೋ ಲೊಚಗುಟ್ಟಿದರು. ಗಿದ್ಯೋನಪ್ಪ ಕೊನೇ ಸಾಲಿನಲ್ಲಿ ತಲೆ ತಗ್ಗಿಸಿದ.

“ಆದ್ರೂ ಸಾಕ್ಷಿ ಇದೆ” ಅಂದಳು ಅವಳು. “ಅವಳು ಮಲಗಿದ ದಿನದಿಂದ ಕರ್ತನು ನಮ್ಮನೆ ಬಿಟ್ಟು ಹೋಗಿಲ್ಲ. ನಾನು ಅವಳ ಬಟ್ಟೆ ಒಗೆಯೋವಾಗ ಇದ್ದ. ಮಗ್ಗಲು ತಿರುಗಿಸೋವಾಗ ನನ್ನ ಸೊಂಟಕ್ಕೆ ಬಲ ಕೊಟ್ಟ. ಅವಳು ಏಳ್ತಾಳೋ ಇಲ್ವೋ ನನಗೆ ಗೊತ್ತಿಲ್ಲ. ಎದ್ದರೂ ಅವನು ನನ್ನ ದೇವರು. ಏಳದೇ ಇದ್ರೂ ಬೇರೆ ಯಾರನ್ನ ಹುಡುಕ್ಕೊಂಡು ಹೋಗ್ಲಿ? ಇಷ್ಟೇ ನನ್ನ ಸಾಕ್ಷಿ.”

ಅವಳು ಕೂತಳು.

ಆಗ ಸೀಲಪ್ಪ ಎದ್ದ. ಏನೋ ಬುದ್ಧಿ ಹೇಳುತ್ತಾನೆ ಅಂತ ಜನ ಕಾದರು. ಅವನು ಬಗ್ಗಿ ಎಡಗಾಲಿನ ಬೂಟು ಬಿಚ್ಚಿದ. ಒಳಗೆ ಬಟ್ಟೆ ಸುತ್ತಿತ್ತು. ಬಟ್ಟೆಯಲ್ಲಿ ಕೀವು.

“ನನ್ನ ಸಕ್ಕರೆ ಹೋಗಿಲ್ಲ” ಅಂದ. “ಹೋಯ್ತು ಅಂತ ನಿಮ್ಮೆಲ್ಲರ ಮುಂದೆ ಹೇಳಿದ್ದೆ. ಆಮೇಲೆ ಹುಣ್ಣಾದಾಗ ಯಾರ ಹತ್ರಾನೂ ಹೇಳೋ ಹಂಗಿರಲಿಲ್ಲ. ಡಾಕ್ಟರ ಹತ್ರ ಹೋಗೋಕೂ ನಾಚಿಕೆ. ಸುಮ್ನೆ ಬೂಟು ಹಾಕ್ಕೊಂಡು ಓಡಾಡಿದೆ.” ಗಿದ್ಯೋನಪ್ಪ ಹಿಂದಿನಿಂದ ಎದ್ದು ಬಂದು ಅವನ ಕೈ ಹಿಡಿದುಕೊಂಡ.

ಅವತ್ತೇ ಗಿದ್ಯೋನಪ್ಪ ಅವನನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದ. ಒಂದು ಬೆರಳು ಹೋಯಿತು. ಪಾದ ಉಳಿಯಿತು. “ಇನ್ನು ಸ್ವಲ್ಪ ತಡ ಮಾಡಿದ್ರೆ ಕಾಲೇ ತೆಗೀಬೇಕಿತ್ತು” ಅಂದರು ಡಾಕ್ಟರು.

ಊರಿನಲ್ಲಿ ಮಾತು ಬೇರೆಯಾಯಿತು. ಹೆಂಗಸರು ಒಬ್ಬೊಬ್ಬರೇ ಎಸ್ತೇರಮ್ಮನ ಮನೆಗೆ ಬಂದರು. ವಾಸಿಯಾಗದ ನೋವು ಹೇಳಿಕೊಂಡರು. ಹಾಗೇ ಬಂದವರು ಲಿಡಿಯಾಳ ಬಟ್ಟೆ ಒಗೆದುಕೊಟ್ಟರು. ಒಬ್ಬರು ಗಂಜಿ ತಂದರು. ಎಸ್ತೇರಮ್ಮನ ಸೊಂಟಕ್ಕೆ ಸ್ವಲ್ಪ ಬಿಡುವು ಸಿಕ್ಕಿತು.

ಲಿಡಿಯಾ ಎದ್ದದ್ದು ಕ್ರಿಸ್‌ಮಸ್ ದಿನವೂ ಅಲ್ಲ, ಈಸ್ಟರ್ ದಿನವೂ ಅಲ್ಲ. ಅದೊಂದು ಬರೀ ಮಂಗಳವಾರ. ಡಾಕ್ಟರಮ್ಮ ಹೊಸದಾಗಿ ಎಕ್ಸರೇ ನೋಡಿ, ಬೆನ್ನಿಗೆ ಬೆಲ್ಟು ಕಟ್ಟಿಸಿ, “ಇನ್ನು ನಿಲ್ಲಿಸಿ ನೋಡಿ” ಅಂದಿದ್ದರು. ಅಮ್ಮ ಒಂದು ತೋಳು ಹಿಡಿದಳು. ಅಪ್ಪ ಇನ್ನೊಂದು ತೋಳು. ಪಾದ ನೆಲಕ್ಕೆ ತಾಗಿತು.

“ನೆಲ ತಣ್ಣಗಿದೆ” ಅಂದಳು ಲಿಡಿಯಾ. ನಿಂತಳು. ಎಸ್ತೇರಮ್ಮ ಮಗಳ ತಲೆಗೂದಲು ಸರಿ ಮಾಡಿದಳು.

ಆ ಭಾನುವಾರ ದೇವಾಲಯದಲ್ಲಿ ಕೊನೇ ಸಾಲಿನಿಂದ ಯಾರೋ ಎದ್ದ ಸದ್ದಾಯಿತು. ಎಲ್ಲರೂ ತಿರುಗಿ ನೋಡಿದರು. ಗಿದ್ಯೋನಪ್ಪ ನಿಂತಿದ್ದ. ಅವನು ಸಾಕ್ಷಿ ಹೇಳಿದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

“ನನ್ನ ಮಗಳು ನಿಂತಳು” ಅಂದ. “ಬೆನ್ನು ಸ್ವಲ್ಪ ಬಾಗಿದೆ. ಅದು ಹಂಗೇ ಇರುತ್ತಂತೆ. ಬಾಗಿಲವರೆಗೆ ಹೋಗೋಷ್ಟರಲ್ಲಿ ಸುಸ್ತಾಗ್ತಾಳೆ. ಆಗಿರೋದು ಅಷ್ಟೇ. ಅಷ್ಟಕ್ಕೇ ಸ್ತೋತ್ರ.”

ನೀತಿ: ಆಗದೇ ಇರುವುದನ್ನು ಆಯಿತು ಅಂತ ಹೇಳಿ ದೇವರ ಮಾನ ಕಾಯಬೇಕಾಗಿಲ್ಲ. ದೇವರಿಗೆ ಗಡುವು ಹಾಕುವುದು ನಂಬಿಕೆ ಅಲ್ಲ. ನಿಜ ಹೇಳಿ, ಮಾಡುವ ಕೆಲಸ ಮಾಡಿ, ಅವನ ಕೈ ಬಿಡದೆ ಕಾಯುವುದೇ ನಂಬಿಕೆ.